ಗುಂಡು ಪೊಲೀಸರದ್ದು, ಸಾಯುವ ಇಚ್ಛೆ ಅವನದ್ದು: ಡಾಕ್ಟರ್ ಟಿಕ್ ಹಾಕುವುದು ಎಲ್ಲಿಗೆ?

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ಇದು: 'ಅಮೆರಿಕದಲ್ಲಿ ಒಬ್ಬ ಸಾಯಬೇಕು ಅಂತಲೇ ಪೊಲೀಸರನ್ನು ಕೆಣಕಿ ಗುಂಡು ತಿಂದರೆ, ಅದು ಆತ್ಮಹತ್ಯೆನಾ, ಹತ್ಯೆನಾ?'

ವಿಷಯ ಭಾರದ್ದು. ಮನಸ್ಸು ಕುಗ್ಗಿದ್ದರೆ ಈ ವಿಡಿಯೋ ಪಕ್ಕಕ್ಕಿಡಿ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

[ಸ್ಕ್ರೀನ್ ಮೇಲೆ: ಮರಣ ಪ್ರಮಾಣಪತ್ರ]

ಬೇಗ ಬೇಗ ಹೇಳಿಬಿಡುತ್ತೇನೆ. ಅಲ್ಲಿನ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಬೇರೆ, ಸಾವಿನ ಬಗೆ ಬೇರೆ. ಗುಂಡೇಟು ಅನ್ನುವುದು ಕಾರಣ. ಬಗೆಗೆ ಐದು ಚೌಕ: ಸಹಜ, ಅಪಘಾತ, ಆತ್ಮಹತ್ಯೆ, ಹೋಮಿಸೈಡ್ (ಅಂದರೆ ಇನ್ನೊಬ್ಬರ ಕೈಯಿಂದಾದ ಸಾವು), ನಿರ್ಧರಿಸಲಾಗದ್ದು. 'ತನಿಖೆ ಬಾಕಿ' ಅಂತ ಇನ್ನೊಂದಿದೆ, ಅದು ತನಿಖೆ ಮುಗಿಯುವವರೆಗೆ ಮಾತ್ರ. ಟಿಕ್ ಒಂದೇ.

ಲಾಸ್ ಏಂಜಲೀಸ್ ಕೌಂಟಿ ಶೆರಿಫ್ ಇಲಾಖೆಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ, ಶೆರಿಫ್ ಅಂದರೆ ಅದರ ಪೊಲೀಸ್ ಮುಖ್ಯಸ್ಥ) 1987ರಿಂದ 1997ರವರೆಗಿನ ಶೂಟಿಂಗ್‌ಗಳನ್ನು ವೈದ್ಯರ ತಂಡವೊಂದು ಜಾಲಾಡಿತು. 437 ಪ್ರಕರಣಗಳಲ್ಲಿ 46 ಇಂಥವು. ಅದರಲ್ಲಿ ನೂರಕ್ಕೆ 54 ಮಂದಿ ತೀರಿಕೊಂಡರು. ಸತ್ತವರ ಪ್ರಮಾಣಪತ್ರದಲ್ಲಿ ಟಿಕ್ ಬಿದ್ದದ್ದು ಎಲ್ಲಿಗೆ ಗೊತ್ತಾ? ಅಷ್ಟೂ ಹೋಮಿಸೈಡ್!

ಸಾವಿಗೆ ಆಟ ಹೋಲಿಸಬಾರದು, ಆದರೂ ಹೇಳುತ್ತೇನೆ. ಬ್ಯಾಟ್ಸ್‌ಮನ್ ಬೇಕಂತಲೇ ಕ್ಯಾಚ್ ಕೊಟ್ಟ ಅಂದುಕೊಳ್ಳಿ. ಸ್ಕೋರ್‌ಬುಕ್ಕಿನಲ್ಲಿ ಕ್ಯಾಚ್ ಹಿಡಿದವನ ಹೆಸರು, ಬೌಲರ್ ಹೆಸರು ಬರುತ್ತದೆ. 'ಇವನಿಗೆ ಔಟಾಗುವ ಮನಸ್ಸಿತ್ತು' ಅಂತ ಬರೆಯಲು ಜಾಗವೇ ಇಲ್ಲ. ಇಲ್ಲೂ ಅಷ್ಟೇ. ಗುರಿಯಿಟ್ಟು, ಗೊತ್ತಿದ್ದೇ ಗುಂಡು ಹಾರಿಸಿದ್ದು ಇನ್ನೊಬ್ಬ ಮನುಷ್ಯ. ಆದ್ದರಿಂದ ಹೋಮಿಸೈಡ್. ಹಾಗಂತ ಪೊಲೀಸ್ ಅಪರಾಧಿ ಅಂತಲ್ಲ. ಅದನ್ನು ನೋಡುವುದು ಪ್ರಾಸಿಕ್ಯೂಟರ್, ಕೋರ್ಟು. ಡಾಕ್ಟರ್ ಕೆಲಸ ಅದಲ್ಲ.

ಎಲ್ಲರೂ ಇದನ್ನು ಒಪ್ಪುವುದಿಲ್ಲ. 1997ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಒಬ್ಬ ಕಾಲೇಜು ಹುಡುಗ ಹೀಗೆ ತೀರಿಕೊಂಡ. ತನ್ನ ಮೇಲೆ ಗುಂಡು ಹಾರಿಸಲಿರುವ, ಮುಖವನ್ನೇ ನೋಡಿರದ ಅಧಿಕಾರಿಗೆ ಮೊದಲೇ ಪತ್ರ ಬರೆದಿಟ್ಟಿದ್ದ. ನಿಮ್ಮನ್ನು ಇದರಲ್ಲಿ ಎಳೆದದ್ದಕ್ಕೆ ಕ್ಷಮಿಸಿ, ಎಲ್ಲ ನನ್ನದೇ ಕೆಲಸ, ನಿಮಗೆ ಗೊತ್ತಾಗುವ ಹಾಗೇ ಇರಲಿಲ್ಲ ಅಂತ. ಮನೆಯವರಿಗೆ ಸುದ್ದಿಯನ್ನು ನಿಧಾನವಾಗಿ ತಿಳಿಸಿ ಅಂತಲೂ ಕೇಳಿಕೊಂಡಿದ್ದ. ಇಂಥ ಪತ್ರ ಕೈಯಲ್ಲಿದ್ದರೆ ಆತ್ಮಹತ್ಯೆ ಅಂತಲೇ ಬರೆಯಬೇಕು ಅನ್ನುವ ವೈದ್ಯರಿದ್ದಾರೆ. ಆದರೆ ಪತ್ರ ಇಲ್ಲದಿದ್ದರೆ? ಅವನ ಮನಸ್ಸಿನಲ್ಲಿ ಏನಿತ್ತು ಅಂತ ಹೇಳಲು ಉಳಿಯುವುದು ಹೆಚ್ಚಾಗಿ ಗುಂಡು ಹಾರಿಸಿದವರೇ. ಅದಕ್ಕೇ ನನ್ನ ವೋಟು ಹೋಮಿಸೈಡ್‌ಗೆ.

ಈಗ ನನಗೆ ತಲೆ ಗಿರ್ರೆನಿಸಿದ ಸಂಗತಿ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಬಹುಪಾಲು ಕಡೆ ಶೆರಿಫೇ ಕೊರೋನರ್, ಅಂದರೆ ಸಾವಿನ ತನಿಖೆ ಮಾಡುವ ಅಧಿಕಾರಿ! ಪೊಲೀಸ್ ಮುಖ್ಯಸ್ಥರೇ ಸಾವಿನ ಬಗೆಯನ್ನೂ ನಿರ್ಧರಿಸುತ್ತಾರೆ. ಪರೀಕ್ಷೆ ಬರೆದವರ ಕೈಗೇ ಉತ್ತರಪತ್ರಿಕೆ ಕೊಟ್ಟು ಮಾರ್ಕ್ಸ್ ಹಾಕಿಸಿದ ಹಾಗಾಯಿತು ಅಂತ ಹೇಳಲು ಹೊರಟಿದ್ದೆ. ಬೇಡ, ಹೋಲಿಕೆ ಒಂದೇ ಸಾಕು. ಸ್ಯಾನ್ ವಾಕೀನ್ ಕೌಂಟಿಯಲ್ಲಿ ಬೆನೆಟ್ ಒಮಾಲು ಅನ್ನುವ, ಶವಪರೀಕ್ಷೆ ಮಾಡುವ ಪೆಥಾಲಜಿಸ್ಟ್ ಇದ್ದರು. ಅಮೆರಿಕನ್ ಫುಟ್‌ಬಾಲ್ ಆಟಗಾರರ ಮಿದುಳಿಗೆ ಪದೇ ಪದೇ ಬೀಳುವ ಪೆಟ್ಟಿನಿಂದ ಆಗುವ ಹಾನಿಯನ್ನು ಬಯಲಿಗೆಳೆದ ಡಾಕ್ಟರ್ ಇವರೇ. ಪೊಲೀಸರು ಭಾಗಿಯಾದ ಸಾವುಗಳ ತೀರ್ಮಾನದಲ್ಲಿ ಶೆರಿಫ್ ಕೈ ಹಾಕುತ್ತಾರೆ ಅಂತ ಆರೋಪಿಸಿ, 2017ರ ಕೊನೆಗೆ ಇವರೂ ಇವರ ಸಹೋದ್ಯೋಗಿಯೊಬ್ಬರೂ ರಾಜೀನಾಮೆ ಕೊಟ್ಟರು. ಶೆರಿಫ್ ಆರೋಪ ಒಪ್ಪಲಿಲ್ಲ. ಆದರೂ ಮರುವರ್ಷ ಕೌಂಟಿಯ ಮಂಡಳಿ ಎರಡೂ ಕೆಲಸಗಳನ್ನು ಬೇರೆ ಮಾಡಲು ತೀರ್ಮಾನಿಸಿತು.

ಟೈಮ್ ಆಗ್ತಾ ಬಂತು, ಉಳಿದದ್ದು ಒಟ್ಟಿಗೆ. ಟಿಕ್ ಮನೆಯವರಿಗೂ ತಟ್ಟಬಹುದು: ಅಲ್ಲಿನ ಎಷ್ಟೋ ಜೀವವಿಮೆಗಳಲ್ಲಿ ಮೊದಲ ಎರಡು ವರ್ಷದೊಳಗೆ ಆತ್ಮಹತ್ಯೆಯಾದರೆ ಪೂರ್ತಿ ಹಣ ಬರುವುದಿಲ್ಲ. ಪ್ರಮಾಣಪತ್ರದಲ್ಲಿ ಏನು ಬರೆಯುತ್ತಾರೆ ಅನ್ನುವುದು ಲೆಕ್ಕಕ್ಕೂ ತಟ್ಟುತ್ತದೆ. 1980ರಿಂದ 2018ರವರೆಗೆ ಪೊಲೀಸರಿಂದಾದ ಸಾವು ಸುಮಾರು 30,800 ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 2021ರ ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸರ್ಕಾರಿ ಅಂಕಿಅಂಶದಲ್ಲಿ ಆ ಹೆಸರಿನಡಿ ಇರಲೇ ಇಲ್ಲ. ಒಂದು ಕಾರಣ ತುಂಬಾ ಸಣ್ಣದು. ಪ್ರಮಾಣಪತ್ರದಲ್ಲಿ 'ಗಾಯ ಹೇಗಾಯಿತು' ಅಂತ ಒಂದು ಖಾಲಿ ಜಾಗವಿದೆ. ಅಲ್ಲಿ ಸುಮ್ನೆ 'ಗುಂಡೇಟು' ಅಂತ ಬರೆದು ಪೊಲೀಸ್ ಅನ್ನುವ ಪದ ಬಿಟ್ಟರೆ, ಅಂಕಿಅಂಶಕ್ಕಾಗಿ ಸಾವುಗಳನ್ನು ವಿಂಗಡಿಸಿ ಕೋಡ್ ಹಾಕುವವರು ಅದನ್ನು ಮಾಮೂಲಿ ಹೋಮಿಸೈಡ್‌ಗಳ ಜೊತೆ ಸೇರಿಸಿಬಿಡುತ್ತಾರೆ.