ಹಿಂದಿನ ನೆರಿಗೆ

ನಮಸ್ಕಾರ ಕೇಳುಗರೇ. ಇವತ್ತು ಸ್ವಲ್ಪ ಸಂಕೋಚದ ವಿಷಯ. ಗಂಡ ಹೆಂಡತಿಯ ನಡುವೆ ಮೈಯ ಬಗ್ಗೆ ಇರುವ ನಾಚಿಕೆ. ಮದುವೆಯ ಹೊಸತರದ್ದಲ್ಲ, ಹತ್ತು ವರ್ಷ ಒಟ್ಟಿಗೆ ಬಾಳಿದ ಮೇಲೆ ಬರುತ್ತದಲ್ಲ, ಅದು.

ನನ್ನದನ್ನೇ ಹೇಳುತ್ತೇನೆ. ಎರಡನೇ ಹೆರಿಗೆ ಆದ ಮೇಲೆ ದಪ್ಪ ಆದೆ. ಹೊಟ್ಟೆಯ ಮೇಲೆ ಗೆರೆ ಬಿತ್ತು. ಆಮೇಲೆ ಲೈಟ್ ಆರಿಸದೆ ನಾನು ಸೀರೆ ಬದಲಿಸಲೇ ಇಲ್ಲ. ನಮ್ಮ ಮನೆಯವರು ಸೊಂಟದ ಮೇಲೆ ಕೈ ಇಟ್ಟರೆ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಿದ್ದೆ. ಉಸಿರು ಹಿಡಿದು ಮಲಗಿದವಳಿಗೆ ಸುಖ ಎಲ್ಲಿಂದ ಬರಬೇಕು? ಇವರಿಗೆ ಈಗ ಏನು ಕಾಣುತ್ತಿದೆಯೋ ಅನ್ನುವುದೇ ಚಿಂತೆ. ದಾಂಪತ್ಯದ ಲೈಂಗಿಕ ತೊಂದರೆಗಳನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕರು ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲೇ ಇದರ ಬಗ್ಗೆ ಬರೆದಿದ್ದರು. ಹಾಸಿಗೆಯಲ್ಲೂ ಪ್ರೇಕ್ಷಕರ ಹಾಗೆ ತನ್ನನ್ನೇ ನೋಡುತ್ತಾ ಉಳಿಯುವುದು ಅಂತ.

ನಾನು ಹೀಗಿದ್ದರೆ ನಮ್ಮ ಮನೆಯವರು ಏನು ತಿಳಿದುಕೊಂಡರು ಗೊತ್ತಾ? ತನ್ನ ತಲೆಕೂದಲು ಉದುರಿದ್ದಕ್ಕೆ ಇವಳಿಗೆ ಬೇಸರ ಅಂತ! ಅವರೂ ಸುಮ್ನಾದರು.

2010ರಲ್ಲಿ ಮೆಲ್ಟ್ಜರ್ ಮತ್ತು ಮೆಕ್ನಲ್ಟಿ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ 53 ಜೋಡಿಗಳ ಅಧ್ಯಯನ ಪ್ರಕಟಿಸಿದರು. ತಾನು ಆಕರ್ಷಕವಾಗಿದ್ದೇನೆ ಅಂದುಕೊಂಡ ಹೆಂಡತಿಯರಿಗೆ ದಾಂಪತ್ಯದಲ್ಲಿ ತೃಪ್ತಿ ಜಾಸ್ತಿ ಇತ್ತು. ಅವರ ಗಂಡಂದಿರಿಗೂ ಜಾಸ್ತಿ ಇತ್ತು. ಮೈತೂಕ ಎಷ್ಟೇ ಇರಲಿ, ಈ ಮಾತು ಬದಲಾಗಲಿಲ್ಲ. ಮದುವೆ ಮನೆಯಲ್ಲಿ ಎದುರು ಸಿಕ್ಕ ಕೂಡಲೇ "ಏನು, ಇಷ್ಟು ದಪ್ಪ ಆಗಿದ್ದೀಯ?" ಅನ್ನುವವರು ನಮ್ಮಲ್ಲಿ ಎಷ್ಟು ಜನ! ದಯವಿಟ್ಟು ಹಾಗೆ ಕೇಳಬೇಡಿ. ಆ ಮಾತು ರಾತ್ರಿ ಕೋಣೆಯವರೆಗೂ ಬರುತ್ತದೆ.

ನಮ್ಮ ಮನೆಯಲ್ಲಿ ಹೀಗೇ ನಡೆಯುತ್ತಿರುವಾಗ ಒಂದು ವರ್ಷ ಹುತ್ತರಿ ಬಂತು, ನಮ್ಮ ಕೊಡಗಿನ ಸುಗ್ಗಿ ಹಬ್ಬ. ಕದಿರು ತೆಗೆಯಲು ಎಲ್ಲರೂ ಗದ್ದೆಗೆ ಹೊರಟಿದ್ದರು. ನನ್ನ ರೇಷ್ಮೆ ಸೀರೆಯ ರವಿಕೆಯ ಹುಕ್ಕು ಕೂರಲಿಲ್ಲ. "ನಾನು ಬರಲ್ಲ, ನೀವು ಹೋಗಿ" ಅಂದೆ. ಅಳು ಬಂತು. ಅವತ್ತು ಇವರ ಹತ್ತಿರ ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಟ್ಟೆ, ಹೊಟ್ಟೆಯ ಗೆರೆಯ ತನಕ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಬೇರೆ ಏನೋ ಅಂದುಕೊಂಡಿದ್ದೆ" ಅಂದರು. ರವಿಕೆ ತಿರುಗಿಸಿ ನೋಡಿದರು. ಟೈಲರ್ ಪಕ್ಕದಲ್ಲಿ ಎರಡು ಸಾಲು ಹೊಲಿಗೆ ಹಾಕಿದ್ದ. ಒಳಗಿನ ಸಾಲನ್ನು ಬ್ಲೇಡಿನಲ್ಲಿ ಬಿಚ್ಚಿದರು. ಹುಕ್ಕು ಕೂತಿತು.

ಕೊಡವ ಸೀರೆಯ ನೆರಿಗೆ ಹಿಂದೆ ಬರುತ್ತದೆ. ಸರಿಮಾಡಲು ಇನ್ನೊಬ್ಬರು ಬೇಕು. ಯಾವತ್ತೂ ಅತ್ತೆಯವರನ್ನೇ ಕರೆಯುತ್ತಿದ್ದೆ. ಅವತ್ತು ಇವರೇ ನನ್ನ ಬೆನ್ನ ಹಿಂದೆ ಮೊಣಕಾಲೂರಿ ಒಂದೊಂದೇ ನೆರಿಗೆ ಹಿಡಿದು ಸರಿಮಾಡಿದರು. ಕೋಣೆಯಲ್ಲಿ ಲೈಟ್ ಉರಿಯುತ್ತಿತ್ತು. ಆರಿಸಿ ಅನ್ನಲಿಲ್ಲ ನಾನು.