ಆಗಸ್ಟ್‌ನಲ್ಲಿ ನೋಡಿದ ಹುಡ್ಗನ್ನ ಅಕ್ಟೋಬರ್‌ನಲ್ಲಿ ಮತ್ತೆ ನೋಡೋಕೆ ಹೋದ್ವಿ

ಈಗ ನೋಡ್ತಾ ಇದೀರಲ್ಲ, ಇದು ಅಕ್ಟೋಬರ್ ಎರಡನೇ ಶನಿವಾರ ತೆಗ್ದಿದ್ದು, ಬೆಳಿಗ್ಗೆ ಹತ್ತು ಗಂಟೆ, ಮೇಪಲ್ ಮರ ಎಲ್ಲಾ ಕೆಂಪಾಗಿದೆ, ಕೊರೆಯೋ ಚಳಿ, ನಾನು ಸ್ವೆಟರ್ ಮೇಲೆ ಜಾಕೆಟ್ ಹಾಕ್ಕೊಂಡು ಒಂದು ಕಾಲೇಜ್ ಬೇಸ್‌ಬಾಲ್ ಗ್ರೌಂಡ್‌ನ ಬೆಂಚ್ ಮೇಲೆ ಕೂತಿದೀನಿ. ಜನ ಅಂತ ಏನೂ ಇಲ್ಲ. ಒಂದಷ್ಟು ಅಪ್ಪ ಅಮ್ಮಂದಿರು, ಒಂದು ನಾಯಿ, ಆಮೇಲೆ ಹೋಮ್ ಪ್ಲೇಟ್, ಅಂದ್ರೆ ಬ್ಯಾಟರ್ ನಿಲ್ಲೋ ಜಾಗದ ಹಿಂದೆ ಬಲೆ ಪಕ್ಕ ನಿಂತಿರೋ ಆ ಐದು ಜನ. ಕೈಲಿ ಸ್ಟಾಪ್‌ವಾಚ್ ಇದೆ ನೋಡಿ, ಒಬ್ರ ಹತ್ರ ಬಾಲ್ ವೇಗ ಅಳೆಯೋ ರಾಡಾರ್ ಗನ್ ಇದೆ. ಅವ್ರೆಲ್ಲಾ ಸ್ಕೌಟ್‌ಗಳು, ಮೇಜರ್ ಲೀಗ್, ಅಂದ್ರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನ ಟೀಮ್‌ಗಳಿಗೆ ಹುಡುಗ್ರನ್ನ ಹುಡುಕೋರು. ನಾನು ಬಂದಿದ್ದು ಒಬ್ಬ ಕ್ಯಾಚರ್‌ನ, ಅಂದ್ರೆ ನಮ್ಮ ವಿಕೆಟ್ ಕೀಪರ್ ಥರ ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯೋನ್ನ ನೋಡೋಕೆ, ಅವ್ರಲ್ಲೂ ಇಬ್ರು ಮೂವರು ಬಂದಿದ್ದು ಅವ್ನಿಗೋಸ್ಕರನೇ ಅಂತ ಆಮೇಲೆ ಗೊತ್ತಾಯ್ತು. ಅವ್ನ ಹೆಸ್ರು ಹೇಳಲ್ಲ, ಮುಖಾನೂ ಬ್ಲರ್ ಮಾಡಿದೀನಿ, ಇನ್ನೂ ಇಪ್ಪತ್ತು ವರ್ಷದ ಹುಡ್ಗ.

ಶುರುವಾಗಿದ್ದು ಜೂನ್‌ನಲ್ಲಿ. ನಾವಿರೋದು ಬಾಸ್ಟನ್ ಪಕ್ಕ, ಮಗಳಿಗೆ ಹನ್ನೊಂದು ವರ್ಷ, ಸಾಫ್ಟ್‌ಬಾಲ್ ಅಂದ್ರೆ ಊಟ ಬೇಡ ಅವಳಿಗೆ. ಕೇಪ್ ಕಾಡ್‌ನಲ್ಲಿ ಒಂದು ವಾರ ಮನೆ ಹಿಡಿದು ಅಲ್ಲಿನ ಟೀಮ್‌ನವ್ರು ಬೆಳಿಗ್ಗೆ ಹೊತ್ತು ಮಕ್ಕಳಿಗೆ ನಡೆಸೋ ಕ್ಲಿನಿಕ್‌ಗೆ, ಅಂದ್ರೆ ಕೋಚಿಂಗ್ ಕ್ಯಾಂಪ್‌ಗೆ ಸೇರಿಸಿದ್ವಿ. ಮ್ಯಾಸಚೂಸೆಟ್ಸ್ ಮ್ಯಾಪ್ ತೆಗ್ದು ನೋಡಿ, ಸಮುದ್ರದೊಳಗೆ ಯಾರೋ ತೋಳು ಮಡಚಿ ಹಿಡಿದ ಹಾಗೆ ಒಂದು ನೆಲ ಚಾಚಿಕೊಂಡಿದೆಯಲ್ಲ, ಅದೇ ಕೇಪ್ ಕಾಡ್. ಅಲ್ಲಿ ಹತ್ತು ಟೀಮ್ ಇವೆ, ದೇಶದ ಮೂಲೆ ಮೂಲೆಯಿಂದ ಆರಿಸಿ ಕರೆಸಿದ ಕಾಲೇಜ್ ಹುಡುಗ್ರು, ಜೂನ್ ಮಧ್ಯದಿಂದ ಆಗಸ್ಟ್‌ವರೆಗೂ ಹೆಚ್ಚುಕಮ್ಮಿ ದಿನಾ ಮ್ಯಾಚ್. ಸಂಬಳ ಇಲ್ಲ. ಊರಿನವ್ರ ಮನೇಲೇ ಇರ್ತಾರೆ, ಅವ್ರ ಅಡುಗೆಮನೇಲೇ ಊಟ. ನೋಡೋರಿಗೆ ಟಿಕೆಟ್ ಇಲ್ಲ, ಆಟದ ಮಧ್ಯೆ ಡಬ್ಬಿ ಹಿಡ್ಕೊಂಡು ಬರ್ತಾರೆ, ಇಷ್ಟ ಬಂದಷ್ಟು ಹಾಕ್ಬೋದು. ಅಲ್ಲಿನ ಓರ್ಲಿಯನ್ಸ್ ಅನ್ನೋ ಊರಿನ ಎಲ್ಡ್ರೆಡ್ಜ್ ಪಾರ್ಕ್ ಗ್ರೌಂಡ್‌ನಲ್ಲಿ ಒಂದು ಬದಿ ಹುಲ್ಲಿನ ದಿಬ್ಬ ಮೆಟ್ಟಿಲು ಮೆಟ್ಟಿಲಾಗಿದೆ, ಅಲ್ಲಿ ಕಂಬಳಿ ಹಾಸ್ಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತ್ವಿ ನಾವು, ಈ ಕ್ಲಿಪ್ ನೋಡಿ, ಇವತ್ತಿಗೂ ಇದನ್ನ ನೋಡಿದ್ರೆ ಮನಸ್ಸು ತುಂಬುತ್ತೆ. ಪಕ್ಕದ ಚ್ಯಾಟಮ್ ಊರಲ್ಲಿ ಒಂದಿನ ಸಮುದ್ರದಿಂದ ಮಂಜು ಬಂದು ಔಟ್‌ಫೀಲ್ಡರ್ ಕಾಣದ ಹಾಗೆ ಆಗಿ ಆಟಾನೇ ನಿಂತ್ಹೋಯ್ತು.

ಕ್ಲಿನಿಕ್‌ನಲ್ಲಿ ನನ್ನ ಮಗಳಿಗೆ ಕುಕ್ಕರಗಾಲಲ್ಲಿ ಕೂತು ಬಾಲ್ ಹಿಡಿಯೋದು ಹೇಳಿಕೊಟ್ಟಿದ್ದು ಈ ಕ್ಯಾಚರ್ ಹುಡ್ಗ. ಸುಮಾರು ಅರ್ಧ ಗಂಟೆ ಅವಳ ಎದುರೇ ಕೂತು, ಹಿಮ್ಮಡಿ ಎಲ್ಲಿರ್ಬೇಕು, ಗ್ಲೌಸ್ ಎಲ್ಲಿಂದ ಎಲ್ಲಿಗೆ ಬರ್ಬೇಕು ಅಂತ ತಾಳ್ಮೆಯಿಂದ ತೋರಿಸಿದ. ಅವತ್ತಿಂದ ಅವಳಿಗೆ ಅವ್ನ ಮ್ಯಾಚ್ ಬಿಡೋ ಹಾಗಿಲ್ಲ, ಹಾಗಾಗಿ ಬೇಸಿಗೆ ಪೂರ್ತಿ ಶನಿವಾರ ಭಾನುವಾರ ಕೇಪ್‌ಗೆ ಹೋಗೋ ಸ್ಯಾಗಮೋರ್ ಬ್ರಿಡ್ಜ್ ಟ್ರಾಫಿಕ್‌ನಲ್ಲಿ ಕೂತು ಕೂತು ಹೋಗಿ ನೋಡಿದ್ವಿ.

ಅವ್ನಿಗೆ ಮಾತ್ರ ಬೇಸಿಗೆ ಚೆನ್ನಾಗಿ ಹೋಗ್ಲಿಲ್ಲ.

ಯಾಕೆ ಅಂತ ಗೊತ್ತಾಗ್ಬೇಕು ಅಂದ್ರೆ ಬ್ಯಾಟ್ ವಿಷಯ ಹೇಳ್ಬೇಕು. ಕಾಲೇಜ್‌ನಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ ಈ ಹುಡುಗ್ರು ಆಡೋದು ಮೆಟಲ್ ಬ್ಯಾಟ್‌ನಲ್ಲಿ. 2011ರಿಂದ ಅದ್ರ ಚಿಮ್ಮೋ ಗುಣಕ್ಕೆ ಮಿತಿ ಹಾಕಿದಾರೆ ನಿಜ, ಆದ್ರೂ ಅದು ಮುರಿಯಲ್ಲ, ಹಿಡಿಕೆ ಹತ್ರ ತಾಗಿದ ಬಾಲ್ ಕೂಡ ಒಂದೊಂದ್ಸಲ ಇನ್‌ಫೀಲ್ಡ್ ದಾಟಿ ಬಿದ್ದು ಹಿಟ್ ಆಗ್ಬಿಡುತ್ತೆ, ಅಂದ್ರೆ ಹೊಡೆದೋನು ಔಟ್ ಆಗದೆ ಬೇಸ್ ಮುಟ್ತಾನೆ. ಕೇಪ್ ಲೀಗ್‌ನಲ್ಲಿ 1985ರಿಂದ ಮರದ ಬ್ಯಾಟ್. ಮೇಜರ್ ಲೀಗ್‌ನಲ್ಲೂ ಮರದ್ದೇ ತಾನೇ, ಅದಕ್ಕೇ ಸ್ಕೌಟ್‌ಗಳಿಗೆ ಈ ಲೀಗ್ ಅಂದ್ರೆ ಅಷ್ಟು ಬೆಲೆ. ನಮ್ಮ ಕಡೆ ಮ್ಯಾಟಿಂಗ್ ವಿಕೆಟ್ ಮೇಲೆ ಸೆಂಚುರಿ ಹೊಡೆದ ಹುಡ್ಗ ಟರ್ಫ್‌ಗೆ ಬಂದಾಗ ಮೊದಲ ಸೀಸನ್ ತಡಕಾಡ್ತಾನಲ್ಲ, ಹಾಗೇ ಇದೂ. ಬಾಲ್ ದಪ್ಪ ಭಾಗಕ್ಕೆ ತಾಗ್ಲಿಲ್ಲ ಅಂದ್ರೆ ಕೈ ಜುಮ್ಮಂತ ನಡುಗುತ್ತೆ, ಬ್ಯಾಟ್ ಎರಡು ತುಂಡಾಗುತ್ತೆ. ಈ ಹುಡ್ಗಂದು ಎಷ್ಟು ಮುರೀತೋ ಲೆಕ್ಕ ಇಲ್ಲ. ಒಂದು ಮುರಿದಿದ್ದನ್ನ ಆಗಸ್ಟ್‌ನಲ್ಲಿ ನನ್ನ ಮಗಳಿಗೇ ಕೊಟ್ಟ, ನಮ್ಮನೆ ಹಾಲ್‌ನಲ್ಲಿ ಇದೆ, ನೋಡಿ ಇದೇ. ಬಾಲ್ ತಾಗಿದ ಕಪ್ಪು ಕಪ್ಪು ಗುರುತೆಲ್ಲಾ ಹಿಡಿಕೆ ಕಡೆಗೇ ಇದೆ, ಬಿರುಕು ಬಿಟ್ಟಿದ್ದೂ ಅಲ್ಲೇ.

ಅವ್ನ ಲೆಕ್ಕ ನಾನೇ ಬರ್ಕೊಂಡಿದ್ದೆ. 120 ಸಲ ಬ್ಯಾಟ್ ಹಿಡಿದು 26 ಹಿಟ್, ಅಂದ್ರೆ ಸರಾಸರಿ .217, ಕೇಳೋಕೇ ಬೇಜಾರಾಗೋ ನಂಬರ್. ಆದ್ರೆ ಅದೇ 31 ಆಗಿದ್ರೆ .258, ಆಗ ಯಾರೂ ಏನೂ ಅಂತಿರ್ಲಿಲ್ಲ. ವ್ಯತ್ಯಾಸ ಐದು ಹಿಟ್, ಎಂಟು ವಾರದಲ್ಲಿ ಐದೇ ಹಿಟ್, ವಾರಕ್ಕೊಂದೂ ಬೀಳಲ್ಲ. ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ಡೈವ್ ಹೊಡೆದು ಹಿಡಿದ ಎರಡು, ಗಾಳಿ ಹಿಂದಕ್ಕೆ ತಳ್ಳಿದ ಒಂದು, ಹಾಗೆ ಹೋದ್ವು ಅಂತ ನಾನೇ ಕಣ್ಣಾರೆ ನೋಡಿದೀನಿ. ಬರೀ ಬೇಸಿಗೆ ಸರಾಸರಿ ನೋಡಿ ಹುಡ್ಗನ್ನ ತಳ್ಳಿಹಾಕೋದು ಅನ್ಯಾಯ ಅಂತ ನನಗೆ ಬಲವಾಗಿ ಅನಿಸಿದ್ದು ಆಗ್ಲೇ, ಒಳ್ಳೆ ಸ್ಕೌಟ್‌ಗಳು ಹಾಗೆ ಮಾಡೋದೂ ಇಲ್ಲ.

ಹಾಗಾದ್ರೆ ಏನು ನೋಡ್ತಾರೆ? ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಕ್ಯಾಚರ್ ವಿಷಯದಲ್ಲಿ ಪಾಪ್ ಟೈಮ್ ಅಂತ ಒಂದಿದೆ. ರನ್ನರ್ ಸೆಕೆಂಡ್ ಬೇಸ್ ಕದಿಯೋಕೆ, ಅಂದ್ರೆ ಬ್ಯಾಟರ್ ಹೊಡೆಯೋಕೆ ಕಾಯದೆ ಮೊದಲ ಬೇಸ್‌ನಿಂದ ಎರಡನೇದಕ್ಕೆ ಓಡಿದಾಗ ಕ್ಯಾಚರ್ ಗ್ಲೌಸ್‌ಗೆ ಬಾಲ್ ಬಿದ್ದ ಸದ್ದಿನಿಂದ, ಅವ್ನು ಎದ್ದು ಎಸೆದ ಬಾಲ್ ಸೆಕೆಂಡ್ ಬೇಸ್‌ನಲ್ಲಿರೋನ ಗ್ಲೌಸ್‌ಗೆ ಬೀಳೋ ಸದ್ದಿನವರೆಗೆ ಎಷ್ಟು ಹೊತ್ತು ಅಂತ. ದೂರ 127 ಅಡಿ ಮೇಲೆ ಸ್ವಲ್ಪ. 2 ಸೆಕೆಂಡ್ ಅಂದ್ರೆ ಮೇಜರ್ ಲೀಗ್ ಮಟ್ಟಕ್ಕೆ ಸರಾಸರಿ, 1.9 ಅಂದ್ರೆ ಎಲ್ರೂ ತಲೆ ಎತ್ತಿ ನೋಡ್ತಾರೆ. ಆಮೇಲೆ ಆಟಗಾರನ ಪ್ರತಿ ಸ್ಕಿಲ್‌ಗೂ 20ರಿಂದ 80ರವರೆಗೆ ಮಾರ್ಕ್ಸ್, 50 ಅಂದ್ರೆ ಮೇಜರ್ ಲೀಗ್‌ನ ಸಾಧಾರಣ ಆಟಗಾರ. ಈಗಿನ ಆಟಕ್ಕೆ ಒಂದು ಮಾರ್ಕ್, ಮುಂದೆ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಇನ್ನೊಂದು. ಎರಡನೇ ಮಾರ್ಕ್‌ಗೆ ಸ್ಟಾಪ್‌ವಾಚ್ ಇಲ್ಲ, ಅಲ್ಲೇ ಇರೋದು ಸ್ಕೌಟ್‌ನ ನಿಜವಾದ ಕೆಲಸ.

ಜೂನ್‌ನಲ್ಲಿ ಈ ಹುಡ್ಗನ ಪಾಪ್ ಟೈಮ್ ನನ್ನ ಮಗಳ ವಾಚ್‌ನಲ್ಲಿ 1.96, ಆಗಸ್ಟ್ ಹೊತ್ತಿಗೆ 2.08. ಫೆಬ್ರವರಿಯಿಂದ ಕುಕ್ಕರಗಾಲಲ್ಲಿ ಕೂತು ಎದ್ದು ಕೂತು ಎದ್ದು ಮೊಣಕಾಲು ಸೋತಿತ್ತು ಅಷ್ಟೇ. ಸ್ಕೌಟ್‌ಗಳಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ.

ಲೀಗ್ ಮುಗಿದ್ಮೇಲೆ ಅವ್ರ ಕೆಲಸ ಮುಗಿಯುತ್ತೆ ಅಂದ್ಕೊಂಡಿದ್ದೆ ನಾನು, ಉಲ್ಟಾ, ಆಗ್ಲೇ ಶುರು. ನಾಲ್ಕು ವರ್ಷದ ಕಾಲೇಜ್‌ನಲ್ಲಿರೋ ಹುಡ್ಗ ಸಾಮಾನ್ಯವಾಗಿ ಮೂರನೇ ವರ್ಷ ಮುಗಿದ್ಮೇಲೆ, ಇಲ್ಲಾ 21 ತುಂಬಿದ್ಮೇಲೆ ಡ್ರಾಫ್ಟ್‌ಗೆ, ಅಂದ್ರೆ ಮೇಜರ್ ಲೀಗ್ ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗ್ರನ್ನ ಆರಿಸ್ಕೊಳ್ಳೋ ದಿನಕ್ಕೆ ಬರ್ತಾನೆ. ಹಾಗಾಗಿ ಎರಡನೇ ವರ್ಷ ಮುಗಿಸಿ ಆಡೋ ಬೇಸಿಗೆ ಅಂದ್ರೆ ಮುಂದಿನ ಜುಲೈ ಡ್ರಾಫ್ಟ್‌ಗೆ ಮುಂಚಿನ ದೊಡ್ಡ ಪರೀಕ್ಷೆ. ಡ್ರಾಫ್ಟ್ ಮೊದಲು 40 ರೌಂಡ್ ಇತ್ತು, 2021ರಿಂದ 20 ಅಷ್ಟೇ, ಬಾಗಿಲು ಚಿಕ್ಕದಾಗಿದೆ. ಆಗಸ್ಟ್‌ನಲ್ಲಿ ಸ್ಕೌಟ್‌ಗಳು ಬೇಸಿಗೆ ನೋಟ್ಸ್ ಎಲ್ಲಾ ಹರವಿಕೊಂಡು ಯಾರನ್ನ ಮತ್ತೆ ನೋಡ್ಬೇಕು ಅಂತ ಪಟ್ಟಿ ಮಾಡ್ತಾರೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕಾಲೇಜ್ ಕಾಲೇಜ್ ಸುತ್ತುತಾರೆ, ಆ ಏರಿಯಾ ಸ್ಕೌಟ್ ಒಳ್ಳೆ ಮಾತು ಬರೆದ್ರೆ ಅವ್ರ ಮಾತನ್ನ ಮರುಪರೀಕ್ಷೆ ಮಾಡೋ ಮೇಲಿನ ಸ್ಕೌಟ್, ಕ್ರಾಸ್‌ಚೆಕರ್ ಅಂತಾರೆ, ಬಂದು ತನ್ನ ಕಣ್ಣಲ್ಲಿ ನೋಡ್ತಾರೆ. 2020ರಲ್ಲಿ ಕೋವಿಡ್‌ಗೆ ಕೇಪ್ ಲೀಗ್ ರದ್ದಾಯ್ತು, ಮರುವರ್ಷ ಡ್ರಾಫ್ಟ್‌ಗೆ ಬಂದ ಹುಡುಗ್ರಿಗೆ ಅಲ್ಲಿ ಮರದ ಬ್ಯಾಟ್ ಹಿಡಿದು ತೋರಿಸೋ ಆ ಬೇಸಿಗೆಯೇ ಇರ್ಲಿಲ್ಲ. ಪಾಪ ಆ ಬ್ಯಾಚ್.

ಬೇಸಿಗೆ ಒಬ್ಬನ ಹಣೆಬರಹ ಬದಲಾಯಿಸಿದ್ದೂ ಇದೆ. ಕ್ರಿಸ್ ಸೇಲ್ ಫ್ಲೋರಿಡಾ ಗಲ್ಫ್ ಕೋಸ್ಟ್ ಅನ್ನೋ, ಆಗಿನ್ನೂ ದೊಡ್ಡ ಹೆಸರಿಲ್ಲದ ಕಾಲೇಜ್‌ನ ಕಡ್ಡಿ ಥರದ ಹುಡ್ಗ. 2009ರಲ್ಲಿ ಯಾರ್ಮೌತ್ ಡೆನಿಸ್ ಅನ್ನೋ ಕೇಪ್ ಟೀಮ್‌ಗೆ ಆಡಿ ಲೀಗ್‌ನ ಅತ್ಯುತ್ತಮ ಪಿಚರ್, ಅಂದ್ರೆ ಬ್ಯಾಟರ್‌ಗೆ ಬಾಲ್ ಎಸೆಯೋನು ಆದ, ಮರುವರ್ಷ ಡ್ರಾಫ್ಟ್‌ನಲ್ಲಿ 13ನೆಯವನಾಗಿ ಹೋಗಿ ಅದೇ ಆಗಸ್ಟ್‌ನಲ್ಲಿ ಮೇಜರ್ ಲೀಗ್‌ನಲ್ಲಿ ಬಾಲ್ ಎಸೀತಿದ್ದ. ಆರನ್ ಜಡ್ಜ್ ಕೂಡ 2012ರಲ್ಲಿ ಕೇಪ್‌ನ ಬ್ರೂಸ್ಟರ್ ಟೀಮ್‌ಗೆ ಆಡಿದೋನು, 2013ರಲ್ಲಿ 31 ಜನ ಆದ್ಮೇಲೆ ನ್ಯೂಯಾರ್ಕ್ ಯಾಂಕೀಸ್ ಟೀಮ್‌ನವ್ರು ಅವ್ನನ್ನ ತಗೊಂಡ್ರು, 2022ರಲ್ಲಿ ಒಂದೇ ಸೀಸನ್‌ಗೆ 62 ಹೋಮ್ ರನ್. ಅಂದ್ರೆ ಅಷ್ಟು ಜನ ಅಷ್ಟು ಸಲ ನೋಡಿದ್ರೂ ಇಂಥವ್ರು ಕಣ್ತಪ್ಪಿ ಹೋಗ್ತಾರೆ. ಅದಕ್ಕೇ ಮತ್ತೆ ಮತ್ತೆ ನೋಡೋದು.

ಸರಿ, ಈಗ ಅಕ್ಟೋಬರ್‌ಗೆ ಬರೋಣ. ಟೀಮ್‌ನವ್ರೇ ಎರಡು ಭಾಗ ಆಗಿ ಆಡೋ ಪ್ರ್ಯಾಕ್ಟೀಸ್ ಮ್ಯಾಚ್. ಎರಡನೇ ಇನ್ನಿಂಗ್ಸ್‌ನಲ್ಲಿ ರನ್ನರ್ ಓಡಿದ, ನಮ್ಮ ಹುಡ್ಗ ಎದ್ದು ಎಸೆದ, ಮಗಳು ವಾಚ್ ನೋಡಿ "ಅಮ್ಮಾ, ಒಂದು ಪಾಯಿಂಟ್ ಒಂಬತ್ತು ಮೂರು!" ಅಂತ ಪಿಸುಗುಟ್ಟಿದ್ಲು, ಬಲೆ ಹತ್ರ ಇದ್ದ ಒಬ್ರು ತಮ್ಮ ವಾಚ್ ಪಕ್ಕದವ್ರಿಗೆ ತೋರಿಸಿದ್ರು. ಎರಡು ತಿಂಗಳು ಕಾಲಿಗೆ ವಿಶ್ರಾಂತಿ ಸಿಕ್ಕಿದೆ. ಇನ್ನೊಂದು ವಿಷಯ, 2026ರಿಂದ ಮೇಜರ್ ಲೀಗ್‌ನಲ್ಲಿ ಬಾಲ್ ಸ್ಟ್ರೈಕ್ ತೀರ್ಪಿಗೆ, ಅಂದ್ರೆ ಬ್ಯಾಟರ್ ಬಿಟ್ಟ ಬಾಲ್ ಹೊಡೆಯೋ ಜಾಗದಲ್ಲಿ ಬಂತಾ ಇಲ್ವಾ ಅನ್ನೋದಕ್ಕೆ ಚಾಲೆಂಜ್ ಇದೆ, ನಮ್ಮ ಡಿಆರ್‌ಎಸ್ ಥರ, ಟೀಮ್‌ಗೆ ಎರಡು, ಕೇಳೋಕೆ ಬ್ಯಾಟರ್, ಪಿಚರ್, ಕ್ಯಾಚರ್‌ಗೆ ಮಾತ್ರ ಹಕ್ಕು. ಹಾಗಾಗಿ ಆ ಜಾಗ, ಅದೇ ಸ್ಟ್ರೈಕ್ ಜೋನ್, ಸರಿಯಾಗಿ ಗೊತ್ತಿರೋ ಕ್ಯಾಚರ್‌ಗೆ ಬೆಲೆ ಬಂದೇ ಬರುತ್ತೆ, ಇವ್ನಿಗೆ ಅದು ಚೆನ್ನಾಗಿ ಗೊತ್ತು ಅಂತ ನನ್ನ ನಂಬಿಕೆ.

ಆದ್ರೆ ನನಗೆ ಮೈ ಜುಮ್ ಅನ್ಸಿದ್ದು ಅವ್ನು ಬ್ಯಾಟ್ ಹಿಡಿದು ಬಂದಾಗ. ಉಳಿದೋರೆಲ್ಲಾ ಮೆಟಲ್, ಇವ್ನ ಕೈಲಿ ಮರದ ಬ್ಯಾಟ್! ಕಾಲೇಜ್‌ನಲ್ಲಿ ಅದ್ರ ಅಗತ್ಯಾನೇ ಇಲ್ಲ. ಬೇಸಿಗೇಲಿ ಸೋತಿದ್ದನ್ನ ಅಲ್ಲೇ ಬಿಟ್ಟು ಬಂದಿಲ್ಲ ಅವ್ನು, ಜೊತೇಲೇ ತಂದಿದಾನೆ. ಎರಡು ಕ್ಲಿಪ್ ಪಕ್ಕಪಕ್ಕ ಹಾಕಿದೀನಿ, ಎಡಗಡೆ ಆಗಸ್ಟ್, ಬಲಗಡೆ ಅಕ್ಟೋಬರ್. ಆಗ ಪಿಚರ್ ಬಾಲ್ ಬಿಟ್ಮೇಲೂ ಕೈ ಕೆಳಗೇ ಇತ್ತು, ಮೇಲೆತ್ತಿ ಬೀಸೋದ್ರೊಳಗೆ ತಡ. ಈಗ ನೋಡಿ, ಪಿಚರ್ ಕಾಲೆತ್ತೋ ಹೊತ್ತಿಗೇ ಕೈ ಹೆಗಲ ಹತ್ರ ರೆಡಿ. ಮೊದಲ ಸಲ ಔಟ್, ನೇರ ಸೆಂಟರ್ ಫೀಲ್ಡರ್ ಕೈಗೆ, ಆದ್ರೆ ಸದ್ದು ಕೇಳ್ಬೇಕಿತ್ತು ನೀವು, ಮೈಕ್‌ನಲ್ಲಿ ಅರ್ಧಾನೂ ಬಂದಿಲ್ಲ. ಎರಡನೇ ಸಲ ಲೆಫ್ಟ್ ಸೆಂಟರ್ ಮಧ್ಯೆ ಡಬಲ್, ಒಂದೇ ಹೊಡೆತಕ್ಕೆ ಸೆಕೆಂಡ್ ಬೇಸ್‌ವರೆಗೆ.

ಮ್ಯಾಚ್ ಮುಗಿದ್ಮೇಲೆ ಅವ್ನು ಪ್ಯಾಡ್ ಬಿಚ್ಚೋಕೆ ಕೂತ, ಬ್ಯಾಟ್ ಬೇಲಿಗೆ ಒರಗಿಸಿತ್ತು. ನಾವು ಮಾತಾಡ್ಸೋಣ ಅಂತ ಹತ್ರ ಹೋದ್ವಿ, ಅಷ್ಟರಲ್ಲಿ ಒಬ್ಬ ಸ್ಕೌಟ್, ವಯಸ್ಸಾದವ್ರು, ಬೇಲಿ ಈಚೆಯಿಂದಲೇ ಬಗ್ಗಿ ಆ ಬ್ಯಾಟನ್ನ ಒಂದು ನಿಮಿಷ ನೋಡಿ, ನೋಟ್‌ಬುಕ್ ತೆಗ್ದು ಏನೋ ಬರ್ಕೊಂಡು ಹೋದ್ರು. ಅವ್ರು ಹೋದ್ಮೇಲೆ ಮಗಳೂ ಬಗ್ಗಿ ನೋಡಿದ್ಲು. ಬಾಲ್ ಗುರುತು ಒಂದೂ ಹಿಡಿಕೆ ಕಡೆ ಇಲ್ಲ, ಎಲ್ಲಾ ದಪ್ಪ ಭಾಗದಲ್ಲಿ, ನಾಲ್ಕು ಬೆರಳಗಲ ಜಾಗದಲ್ಲಿ, ಒಂದ್ರ ಮೇಲೊಂದು.