ಪಡಸಾಲೆಗೆ ಬಂದ ಹಂದಿ

ಕೇಳುಗರಿಗೆ ನಮಸ್ಕಾರ.

ಇಂದು ನಾನು ನೆನೆಯಬೇಕೆಂದಿರುವ ಹಾಸ್ಯಗಾರರು ಯಾವ ಏಳು ಪದಗಳಿಂದ ಜಗತ್ತಿಗೆ ಪರಿಚಿತರಾದರೋ, ಆ ಏಳರಲ್ಲಿ ಒಂದನ್ನೂ ನಾನು ಈ ಮೈಕಿನ ಮುಂದೆ ಉಚ್ಚರಿಸುವಂತಿಲ್ಲ. ತಟ್ಟೆಯ ಮುಂದೆ ಕುಳಿತು ಬಾನುಲಿಗೆ ಕಿವಿಗೊಟ್ಟವರು, ಪಕ್ಕದಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡವರು ನಿಮ್ಮಲ್ಲಿ ಇದ್ದೀರಿ ಎಂಬ ಅರಿವು ನನಗಿದೆ. ಮಗುವೊಂದು ಪಕ್ಕದಲ್ಲಿರುವಾಗ ಬಾನುಲಿ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬ ಈ ಪ್ರಶ್ನೆಯೇ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಇವರ ಹನ್ನೆರಡು ನಿಮಿಷಗಳ ಮಾತಿನ ದೆಸೆಯಿಂದ. ಅವರ ಹೆಸರು ಜಾರ್ಜ್ ಕಾರ್ಲಿನ್. 1937ರ ಮೇ 12ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರು, 2008ರ ಜೂನ್ 22ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಹೃದಯ ವೈಫಲ್ಯದಿಂದ ತೀರಿಕೊಂಡರು. ಅಮೆರಿಕದ ಹಾಸ್ಯಕ್ಕೆ ಸಲ್ಲುವ ಅತ್ಯುನ್ನತ ಗೌರವವಾದ ಮಾರ್ಕ್ ಟ್ವೇನ್ ಪ್ರಶಸ್ತಿ ಅವರಿಗೆಂದು ಪ್ರಕಟವಾಗಿ ಆಗ ಒಂದು ವಾರವೂ ಕಳೆದಿರಲಿಲ್ಲ. ನವೆಂಬರಿನಲ್ಲಿ ಪ್ರಶಸ್ತಿಯನ್ನು ಕೊಡುವ ಹೊತ್ತಿಗೆ ಪಡೆಯಬೇಕಾದವರೇ ಇರಲಿಲ್ಲ.

ಇಷ್ಟು ವರ್ಷಗಳ ಮೇಲೆ, ಕಡಲಾಚೆಯ ಒಬ್ಬ ಹಾಸ್ಯಗಾರರಿಗಾಗಿ ಕನ್ನಡದಲ್ಲಿ ಶೋಕವೇಕೆ ಎಂದು ನೀವು ಕೇಳಬಹುದು. ಇಂದಿನ ಹಾಸ್ಯವನ್ನು, ಇಂಗ್ಲಿಷಿನದಾಗಲಿ ನಮ್ಮದಾಗಲಿ, ನೋಡಿ ಮುಗಿಸಿದಾಗಲೆಲ್ಲ ಯಾವುದೋ ಒಂದು ಪದಾರ್ಥ ಹಾಕಲು ಮರೆತ ಅಡುಗೆಯನ್ನು ಉಂಡಂತೆ ನನಗೆ ಅನ್ನಿಸುತ್ತದೆ. ಖಾರವಿರುತ್ತದೆ, ಬಿಸಿಯಿರುತ್ತದೆ. ಇಲ್ಲದಿರುವುದು ಏನು ಎಂದು ಹುಡುಕುತ್ತ ಹೋದಾಗ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಈ ಮನುಷ್ಯರ ಬಳಿಯಲ್ಲಿ.

ಕಾರ್ಲಿನ್ ಅವರ ಮಾತಿನ ಬದುಕು ಮೊದಲಾದದ್ದು ಬಾನುಲಿಯಲ್ಲಿಯೇ. ಅಮೆರಿಕದ ವಾಯುಪಡೆಯಲ್ಲಿದ್ದಾಗಲೇ ಅವರು ಲೂಸಿಯಾನದ ಶ್ರೀವ್‌ಪೋರ್ಟ್ ಎಂಬ ಊರಿನ ಒಂದು ಕೇಂದ್ರದಲ್ಲಿ ಹಾಡು ಹಾಕುವ ಕೆಲಸಕ್ಕೆ ಸೇರಿಕೊಂಡಿದ್ದರು. ಮುಂದೆ ವೇದಿಕೆಗೆ ಬಂದಾಗ ಅವರು ಅಣಕಿಸಿದ್ದು ಬಾನುಲಿಯ ಜಾಹೀರಾತುಗಳನ್ನು, ಸುದ್ದಿ ಓದುವವರನ್ನು, ಹವಾಮಾನ ವರದಿ ಹೇಳುವವರನ್ನು. ಅಮಲಿನಲ್ಲಿ ತೇಲುವ ಅವರ ಹವಾಮಾನ ವರದಿಗಾರ, ಈ ರಾತ್ರಿಯ ಮುನ್ಸೂಚನೆ ಕತ್ತಲು ಎಂದು ಗಂಭೀರವಾಗಿ ಸಾರುತ್ತಿದ್ದ. ಕೋಟು, ಟೈ, ಒಪ್ಪವಾಗಿ ಬಾಚಿದ ತಲೆ, ಟೆಲಿವಿಷನ್ನಿನಲ್ಲಿ ಒಳ್ಳೆಯ ಹೆಸರು, ಒಳ್ಳೆಯ ಸಂಪಾದನೆ ಎಲ್ಲವೂ ಅವರಿಗೆ ಇತ್ತು. 1970ರ ಆಸುಪಾಸಿನಲ್ಲಿ ಅದೆಲ್ಲವನ್ನೂ ಕಳಚಿಟ್ಟು, ಗಡ್ಡ ಬಿಟ್ಟು, ಜೀನ್ಸ್ ತೊಟ್ಟು, ತಮ್ಮ ಸ್ವಂತ ಮಾತನ್ನು ಆಡತೊಡಗಿದರು. 1972ರಲ್ಲಿ ಹೊರಬಂದ ಅವರ ಧ್ವನಿಮುದ್ರಿಕೆಯ ಒಂದು ಬದಿಗೆ ಎ.ಎಂ. ಎಂದೂ ಇನ್ನೊಂದು ಬದಿಗೆ ಎಫ್.ಎಂ. ಎಂದೂ ಹೆಸರು. ಹಳೆಯ ಕಾರ್ಲಿನ್ ಒಂದು ಬದಿಯಲ್ಲಿ, ಹೊಸ ಕಾರ್ಲಿನ್ ಇನ್ನೊಂದು ಬದಿಯಲ್ಲಿ.

ಈ ಬದಲಾವಣೆಯ ಹಿಂದೆ ಲೆನಿ ಬ್ರೂಸ್ ಎಂಬ ಹಿರಿಯ ಹಾಸ್ಯಗಾರರ ನೆರಳು ಇದೆ. 1962ರ ಡಿಸೆಂಬರಿನಲ್ಲಿ ಷಿಕಾಗೋದ ಒಂದು ಕ್ಲಬ್ಬಿನಲ್ಲಿ ಅಶ್ಲೀಲ ಮಾತಿನ ಆರೋಪದ ಮೇಲೆ ಪೊಲೀಸರು ಬ್ರೂಸ್ ಅವರನ್ನು ವೇದಿಕೆಯಿಂದಲೇ ಹಿಡಿದುಕೊಂಡು ಹೋದಾಗ, ಪ್ರೇಕ್ಷಕರ ನಡುವೆ ಕುಳಿತಿದ್ದ ಇಪ್ಪತ್ತೈದರ ಕಾರ್ಲಿನ್ ತಮ್ಮ ಗುರುತಿನ ಚೀಟಿಯನ್ನು ತೋರಿಸಲು ಒಪ್ಪದೆ ಅದೇ ಪೊಲೀಸ್ ವ್ಯಾನನ್ನು ಹತ್ತಬೇಕಾಯಿತು. ಬ್ರೂಸ್ ಅವರಿಗೆ ನ್ಯೂಯಾರ್ಕಿನ ನ್ಯಾಯಾಲಯ 1964ರಲ್ಲಿ ಶಿಕ್ಷೆ ವಿಧಿಸಿತು. 1966ರ ಆಗಸ್ಟ್ 3ರಂದು ಅವರು ತೀರಿಕೊಂಡರು. ಆ ರಾಜ್ಯದ ಗವರ್ನರ್ ಅವರಿಗೆ ಕ್ಷಮಾದಾನ ನೀಡಿದ್ದು 2003ರಲ್ಲಿ. ಸರ್ಕಾರಗಳಿಗೆ ನಗೆಯ ಅರ್ಥ ಹೊಳೆಯಲು ಇಷ್ಟು ಕಾಲ ಹಿಡಿಯುತ್ತದೆ ಎಂದು ಇಟ್ಟುಕೊಳ್ಳೋಣ.

ಇನ್ನು ಆ ಏಳು ಪದಗಳ, ಅಂದರೆ ಟೆಲಿವಿಷನ್ನಿನಲ್ಲಿ ಎಂದೂ ಆಡುವಂತಿಲ್ಲ ಎಂದು ಕಾರ್ಲಿನ್ ಪಟ್ಟಿ ಮಾಡಿದ ಅಸಭ್ಯ ಪದಗಳ, ವಿಷಯಕ್ಕೆ ಬರುತ್ತೇನೆ. 1972ರ ಜುಲೈಯಲ್ಲಿ ಮಿಲ್ವಾಕಿ ನಗರದ ಬೇಸಿಗೆ ಉತ್ಸವದಲ್ಲಿ ಇವುಗಳನ್ನು ಆಡಿದ್ದಕ್ಕಾಗಿ ಕಾರ್ಲಿನ್ ಬಂಧನಕ್ಕೊಳಗಾದರು. ಮಾತು ಅಸಭ್ಯವೇ ಹೌದು, ಆದರೆ ಅದನ್ನು ಆಡುವ ಸ್ವಾತಂತ್ರ್ಯ ಆತನಿಗಿದೆ ಎಂದು ನ್ಯಾಯಾಧೀಶರು ಡಿಸೆಂಬರಿನಲ್ಲಿ ಆ ಮೊಕದ್ದಮೆಯನ್ನು ಕೈಬಿಟ್ಟರು. ಮರುವರ್ಷ, 1973ರ ಅಕ್ಟೋಬರ್ 30ರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ, ನ್ಯೂಯಾರ್ಕಿನ ಡಬ್ಲ್ಯು.ಬಿ.ಎ.ಐ. ಎಂಬ ಬಾನುಲಿ ಕೇಂದ್ರ ಸಮಾಜವು ಭಾಷೆಯನ್ನು ಕಾಣುವ ಬಗೆಯ ಕುರಿತ ಚರ್ಚೆಯ ನಡುವೆ, ಕೇಳುಗರಿಗೆ ಎಚ್ಚರಿಕೆಯನ್ನು ಕೊಟ್ಟೇ, ಈ ಮಾತಿನ ಇನ್ನೊಂದು ರೂಪವನ್ನು ಪ್ರಸಾರ ಮಾಡಿತು. ಮಗನನ್ನು ಕೂರಿಸಿಕೊಂಡು ಕಾರು ಓಡಿಸುತ್ತಿದ್ದ ತಂದೆಯೊಬ್ಬರ ಕಿವಿಗೆ ಅದು ಬಿತ್ತು. ಕೆಲವು ವಾರಗಳ ಮೇಲೆ ಅವರು ಪ್ರಸಾರವನ್ನು ನಿಯಂತ್ರಿಸುವ ಆಯೋಗಕ್ಕೆ ದೂರು ಬರೆದರು. ಬಂದದ್ದು ಆ ಒಂದೇ ದೂರು. ಅದು ಸುಮಾರು ನಾಲ್ಕೂವರೆ ವರ್ಷಗಳ ಕಾಲ ಮೆಟ್ಟಿಲು ಹತ್ತುತ್ತ ಹೋಗಿ, 1978ರ ಜುಲೈ 3ರಂದು ಸುಪ್ರೀಂ ಕೋರ್ಟಿನಲ್ಲಿ ಐದಕ್ಕೆ ನಾಲ್ಕು ಮತಗಳಿಂದ ತೀರ್ಮಾನವಾಯಿತು. ಗೆದ್ದದ್ದು ಆಯೋಗ.

ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಅವರು ಬಾನುಲಿಯ ಸ್ವಭಾವದ ಬಗ್ಗೆ ಹೇಳಿದ ಮಾತು ಇಂದಿಗೂ ಯೋಚಿಸತಕ್ಕದ್ದು. ಬಾನುಲಿಯು ಮನೆಯೊಳಗೆ ತಾನಾಗಿ ಬರುತ್ತದೆ, ಇನ್ನೂ ಓದಲು ಬಾರದ ಮಗುವನ್ನೂ ಮುಟ್ಟುತ್ತದೆ, ಆದ್ದರಿಂದ ಹೇಳಿದ್ದೇನು ಎಂಬುದರ ಜೊತೆಗೆ ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನೂ ನೋಡಬೇಕು ಎಂಬುದು ಅವರ ವಾದ. ಹಂದಿ ಕೊಟ್ಟಿಗೆಯಲ್ಲಿದ್ದರೆ ತೊಂದರೆಯಿಲ್ಲ, ಪಡಸಾಲೆಗೆ ಬಂದರೆ ಓಡಿಸಬೇಕು ಎಂಬರ್ಥದ ಉಪಮೆಯನ್ನು ಅವರು ಬಳಸಿದರು. ನಮ್ಮ ಹಳ್ಳಿಯ ಯಾವ ಅಜ್ಜಿಯೂ ಒಪ್ಪುವ ಮಾತು ಅದು. ನಾನೂ ಅರ್ಧಕ್ಕರ್ಧ ಒಪ್ಪುತ್ತೇನೆ. ಆದರೆ ಅದೇ ತೀರ್ಪಿನ ಕೊನೆಯಲ್ಲಿ, ಅನುಬಂಧದ ರೂಪದಲ್ಲಿ, ಕಾರ್ಲಿನ್ ಅವರ ಆ ಮಾತು ಅಕ್ಷರಶಃ ಅಚ್ಚಾಗಿದೆ. ಎಲ್ಲೆಲ್ಲಿ ಜನ ನಕ್ಕರೋ ಅಲ್ಲಲ್ಲಿ ‘ನಗು’ ಎಂದು ಕಂಸದಲ್ಲಿ ಗುರುತು ಹಾಕಲಾಗಿದೆ. ಬಾನುಲಿಯ ಪಡಸಾಲೆಯಿಂದ ಓಡಿಸಿದ ಹಂದಿಯನ್ನು ಕೋರ್ಟು ತನ್ನ ದಫ್ತರದಲ್ಲಿ ಜೋಪಾನವಾಗಿ ಸಾಕಿಕೊಂಡಿದೆ. ತಮ್ಮ ಹೆಸರು ದೇಶದ ಕಾನೂನಿನ ಚರಿತ್ರೆಯಲ್ಲಿ ಒಂದು ಅಡಿಟಿಪ್ಪಣಿಯಾಗಿ ಉಳಿದದ್ದರ ಬಗ್ಗೆ ಕಾರ್ಲಿನ್ ಅವರಿಗೆ ಒಂದು ಬಗೆಯ ತುಂಟ ಹೆಮ್ಮೆ ಇತ್ತು.

ಆ ಮಾತನ್ನು ಓದಿದವರಿಗೆ ಅದು ಬೈಗುಳದ ಸುರಿಮಳೆಯಲ್ಲ ಎಂಬುದು ಬೇಗನೆ ತಿಳಿಯುತ್ತದೆ. ಯಾರನ್ನಾದರೂ ಬೈಯುವುದು ಅದರ ಉದ್ದೇಶವಲ್ಲ. ಅದರ ಮೊದಲಿನ, 1972ರ ರೂಪದಲ್ಲಿಯೂ ನಾಲ್ಕು ಲಕ್ಷ ಪದಗಳಿರುವ ಭಾಷೆಯಲ್ಲಿ ಏಳನ್ನು ಮಾತ್ರ ಬೇರೆ ಕೂರಿಸಿದ್ದೀರಲ್ಲ, ಅವು ಎಷ್ಟು ಕೆಟ್ಟವಾಗಿರಬೇಕು ಎಂದು ಬೆರಗಾಗುವ ಒಬ್ಬ ನಿಘಂಟುಕಾರರ ದನಿ ಇದೆ. ಒಂದೊಂದನ್ನೂ ಎತ್ತಿಕೊಂಡು, ಇದಕ್ಕೆ ಎರಡು ಅರ್ಥ, ಒಂದು ಸಭ್ಯ ಇನ್ನೊಂದು ಅಸಭ್ಯ, ಹಾಗಾದರೆ ಇದು ವಾರದಲ್ಲಿ ಎಷ್ಟು ದಿನ ಕೆಟ್ಟದ್ದು ಎಂಬಂತೆ ಅವರು ಪರೀಕ್ಷಿಸುತ್ತಾರೆ. ಅಕ್ಕಸಾಲಿಗ ಚಿನ್ನವನ್ನು ಒರೆಗೆ ಹಚ್ಚುವ ಹಾಗೆ ಪದವನ್ನು ಒರೆಗೆ ಹಚ್ಚುವುದೇ ಅವರ ಕಸುಬಾಗಿತ್ತು. ಏಳು ಪದಗಳು ಆ ಒರೆಗಲ್ಲಿಗೆ ಮೊದಲು ತಾಗಿದವು, ಅಷ್ಟೆ.

ಇದಕ್ಕೆ ಅತ್ಯುತ್ತಮ ನಿದರ್ಶನದಲ್ಲಿ ಒಂದೇ ಒಂದು ಕೆಟ್ಟ ಪದದ ಅಗತ್ಯವೂ ಇಲ್ಲ. ಅಮೆರಿಕದ ಎರಡು ಆಟಗಳಾದ ಬೇಸ್‌ಬಾಲನ್ನೂ ಅಲ್ಲಿನ ಫುಟ್‌ಬಾಲನ್ನೂ ಅವರು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದನ್ನು ಪಾರ್ಕಿನಲ್ಲಿ ಆಡುತ್ತಾರೆ, ಇನ್ನೊಂದನ್ನು ಯುದ್ಧಸ್ಮಾರಕದ ಹೆಸರು ಹೊತ್ತ ಕ್ರೀಡಾಂಗಣದಲ್ಲಿ. ಒಂದರ ಮಾತು ಹಸುರು ಹುಲ್ಲಿನದು, ಇನ್ನೊಂದರದು ದಾಳಿ, ಆಕ್ರಮಣ, ಶತ್ರುವಿನ ನೆಲ. ಕೊನೆಗೆ ಬೇಸ್‌ಬಾಲಿನಲ್ಲಿ ಆಟಗಾರನ ಗುರಿ ಏನು? ಕ್ಷೇಮವಾಗಿ ಮನೆ ಸೇರುವುದು. ಆ ಆಟದ ನಿಯಮವೇ ಅದು; ಕಾರ್ಲಿನ್ ಅವರು ಒಂದಕ್ಷರವನ್ನೂ ಸೇರಿಸಿಲ್ಲ. ಎಲ್ಲರೂ ದಿನವೂ ಆಡುವ ಮಾತನ್ನು ಯಾರೂ ಕೇಳಿಸಿಕೊಂಡಿರಲಿಲ್ಲ, ಇವರು ಕೇಳಿಸಿಕೊಂಡರು.

1990ರ ಇನ್ನೊಂದು ಕಾರ್ಯಕ್ರಮದಲ್ಲಿ ಅವರು ಯುದ್ಧದಿಂದ ಮನಸ್ಸು ಮುರಿದು ಬಂದ ಸೈನಿಕರಿಗೆ ಕೊಟ್ಟ ಹೆಸರುಗಳ ಬೆನ್ನು ಹತ್ತಿದರು. ಮೊದಲನೆಯ ಮಹಾಯುದ್ಧದಲ್ಲಿ ಅದು ‘ಶೆಲ್ ಶಾಕ್’. ಎರಡು ಗುಂಡು ಹಾರಿದಂತೆ ಎರಡು ಏಟು. ಎರಡನೆಯ ಯುದ್ಧಕ್ಕೆ ‘ಬ್ಯಾಟಲ್ ಫಟೀಗ್’ ಎಂದು ಮೆತ್ತಗಾಯಿತು. ಕೊರಿಯಾದ ಹೊತ್ತಿಗೆ ‘ಆಪರೇಷನಲ್ ಎಕ್ಸಾಸ್ಚನ್’, ಯಂತ್ರಕ್ಕೆ ಬಂದ ಕಾಯಿಲೆಯಂತೆ. ವಿಯೆಟ್ನಾಮಿನ ನಂತರ ‘ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್’. ನೋವು ಅದೇ, ಪದ ಉದ್ದವಾಗುತ್ತ ಹೋಯಿತು, ಉದ್ದದ ಕೆಳಗೆ ನೋವು ಹೂತುಹೋಯಿತು. ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದರೆ ಬಹುಶಃ ಆ ಸೈನಿಕರತ್ತ ಯಾರಾದರೂ ತಿರುಗಿ ನೋಡುತ್ತಿದ್ದರು ಎಂದು ಅವರು ಹೇಳುವಾಗ ಸಭೆ ನಗುವುದನ್ನು ನಿಲ್ಲಿಸಿರುತ್ತದೆ. ನಮ್ಮಲ್ಲಿಯೂ ಜನ ಸತ್ತರು ಎನ್ನುವ ಬದಲು ಜೀವಹಾನಿ ಸಂಭವಿಸಿದೆ ಎನ್ನುತ್ತಾರೆ, ಏನೂ ಮಾಡುವುದಿಲ್ಲ ಎನ್ನುವ ಬದಲು ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎನ್ನುತ್ತಾರೆ. ಇದನ್ನು ಒರೆಗೆ ಹಚ್ಚುವ ಹಾಸ್ಯಗಾರರಿಗಾಗಿ ನಾನು ಕಾಯುತ್ತಿದ್ದೇನೆ.

ಇಂದಿನ ಹಾಸ್ಯದಲ್ಲಿ ಧೈರ್ಯದ ಕೊರತೆಯಿದೆ ಎಂದು ನಾನು ಹೇಳಲಾರೆ. ಬೈಗುಳವಂತೂ ಧಾರಾಳವಾಗಿದೆ. ಏಳು ಪದಗಳು ಎಪ್ಪತ್ತಾಗಿ, ಬೆಂಗಳೂರಿನ ಕ್ಲಬ್ಬುಗಳಿಂದ ಮೊಬೈಲಿನ ಪರದೆಯವರೆಗೆ ಹರಿದಾಡುತ್ತಿವೆ. ಕಾರ್ಲಿನ್ ಅವರ ಮನೆಯಿಂದ ನಾವು ತಂದುಕೊಂಡದ್ದು ಅವರ ಖಾರದ ಪುಡಿಯನ್ನು ಮಾತ್ರ. ಒರೆಗಲ್ಲನ್ನು ಅಲ್ಲಿಯೇ ಬಿಟ್ಟು ಬಂದೆವು. ಮುಂದಿನ ಸಾಲಿನಲ್ಲಿ ಕುಳಿತವರನ್ನು ಏನು ಕೆಲಸ, ಮದುವೆಯಾಗಿದೆಯೇ ಎಂದು ಕೇಳಿ, ಬಂದ ಉತ್ತರವನ್ನು ಲೇವಡಿ ಮಾಡಿ, ಅದನ್ನು ಒಂದು ನಿಮಿಷಕ್ಕೆ ಕತ್ತರಿಸಿ ರೀಲ್ಸ್ ಆಗಿ ಹರಿಬಿಡುವುದು ಈಗಿನ ರೂಢಿ. ಬರೆದದ್ದನ್ನು ಮೊದಲೇ ಹೊರಬಿಟ್ಟರೆ ಅದು ಹಳಸಿಹೋಗುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದೆ ಇದೆ, ನಿಜ. ಆದರೆ ತಮ್ಮನ್ನು ತಾವೇ, ಬರೆದದ್ದನ್ನು ವೇದಿಕೆಯ ಮೇಲೆ ಒಪ್ಪಿಸುವ ಬರಹಗಾರ ಎಂದು ಕರೆದುಕೊಂಡ ಕಾರ್ಲಿನ್ ಅವರು 1977ರಿಂದ 2008ರವರೆಗೆ ಎಚ್.ಬಿ.ಓ. ವಾಹಿನಿಗಾಗಿ ಹದಿನಾಲ್ಕು ಪೂರ್ಣ ಕಾರ್ಯಕ್ರಮಗಳನ್ನು ಕೊಟ್ಟರು. ಒಂದು ಮುಗಿದೊಡನೆ ಅದನ್ನು ಪಕ್ಕಕ್ಕಿಟ್ಟು, ಚೀಟಿಗಳ ಮೇಲೆ ಹೊಸದನ್ನು ಬರೆಯಲು ಕುಳಿತರು.

ಇನ್ನೊಂದು ಭೇದವನ್ನೂ ಹೇಳಬೇಕು. 1990ರಲ್ಲಿ ಲ್ಯಾರಿ ಕಿಂಗ್ ಅವರ ಸಂದರ್ಶನದಲ್ಲಿ, ಆಗ ಬಹಳ ಜನಪ್ರಿಯರಾಗಿದ್ದ ಒಬ್ಬ ಹಾಸ್ಯಗಾರರ ಬಗ್ಗೆ ಕೇಳಿದಾಗ, ಅವರ ಹಕ್ಕನ್ನು ಪೂರ್ತಿ ಎತ್ತಿಹಿಡಿದ ಕಾರ್ಲಿನ್, ಹಾಸ್ಯವು ಪರಂಪರೆಯಿಂದಲೂ ಚುಚ್ಚಿರುವುದು ಅಧಿಕಾರವುಳ್ಳವರನ್ನು, ಇವರು ಮಾತ್ರ ಕೆಳಗಿರುವವರನ್ನು ಚುಚ್ಚುತ್ತಿದ್ದಾರೆ ಎಂದರು. ನಿಷೇಧವನ್ನು ಬೇಡದೆಯೇ ವಿಮರ್ಶೆ ಮಾಡುವುದು ಹೇಗೆ ಎಂಬುದಕ್ಕೆ ಆ ಒಂದು ಉತ್ತರ ಸಾಕು. ಹಾಗೆಂದು ಅವರ ಕೊನೆಯ ವರ್ಷಗಳ ಕಹಿಯನ್ನೆಲ್ಲ ನಾನು ಮೆಚ್ಚಿಕೊಂಡಿಲ್ಲ. ಕೆಲವೆಡೆ ನಗೆ ಬತ್ತಿ ಬರಿಯ ಸಿಟ್ಟು ಉಳಿದಿತ್ತು. ಆದರೆ ಬಹಳ ಜನ ಸಾಯುವುದು ತಮಗೆ ಖುಷಿ ಎಂಬರ್ಥದ ಶೀರ್ಷಿಕೆಯನ್ನಿಟ್ಟು ಸಿದ್ಧಪಡಿಸಿದ್ದ ಕಾರ್ಯಕ್ರಮವನ್ನು, 2001ರ ಸೆಪ್ಟೆಂಬರ್ 11ರ ದುರಂತವಾದೊಡನೆ, ಶೀರ್ಷಿಕೆಯ ಸಮೇತ ಬದಲಾಯಿಸಿದವರೂ ಅವರೇ. ಯಾವ ಕೋರ್ಟೂ ಹೇಳಬೇಕಾಗಿ ಬರಲಿಲ್ಲ. ಪಡಸಾಲೆ ಯಾವುದು, ಕೊಟ್ಟಿಗೆ ಯಾವುದು ಎಂಬುದು ಅವರಿಗೆ ತಿಳಿದಿತ್ತು.

ಕೋರ್ಟಿನ ಮಾತು ಬಂತು. ಆ ಐದಕ್ಕೆ ನಾಲ್ಕರ ತೀರ್ಪಿನಲ್ಲಿ ಸೋತ ಪಕ್ಷಕ್ಕೆ ಕನಿಷ್ಠ ಒಂದು ವಾದ ಸಿಕ್ಕಿತು, ಭಿನ್ನಮತದ ನಾಲ್ವರು ನ್ಯಾಯಮೂರ್ತಿಗಳು ಸಿಕ್ಕಿದರು. 2021ರ ಜನವರಿ 1ರಂದು ಇಂದೋರಿನಲ್ಲಿ ಮುನವ್ವರ್ ಫಾರೂಕಿ ಎಂಬ ಯುವ ಹಾಸ್ಯಗಾರರ ಬಂಧನವಾಗಿ, ಸುಪ್ರೀಂ ಕೋರ್ಟು ಮಧ್ಯಂತರ ಜಾಮೀನು ಕೊಡುವವರೆಗೆ ಅವರು ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಅದೇ ವರ್ಷದ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಿದ್ದ ಅವರ ಕಾರ್ಯಕ್ರಮವನ್ನು, ಶಾಂತಿಗೆ ಭಂಗ ಬರಬಹುದೆಂದು ಪೊಲೀಸರು ಹೇಳಿದ ಮೇಲೆ ಸಂಘಟಕರು ಕೈಬಿಟ್ಟರು. ಅಲ್ಲಿ ಆಡಲಿದ್ದ ಮಾತು ಚೆನ್ನಾಗಿತ್ತೋ ಕೆಟ್ಟದಾಗಿತ್ತೋ ಎಂಬುದನ್ನು ಆ ಸಂಜೆ ಯಾರೂ ಕೇಳಲಿಲ್ಲ. ಅದಕ್ಕೆ ಅನುಬಂಧವೂ ಇಲ್ಲ, ಕಂಸದೊಳಗಿನ ನಗುವೂ ಇಲ್ಲ.

2024ರ ಜನವರಿಯಲ್ಲಿ ಇದಕ್ಕಿಂತ ವಿಚಿತ್ರವಾದದ್ದೊಂದು ನಡೆಯಿತು. ಕೃತಕ ಬುದ್ಧಿಮತ್ತೆಯು ಕಾರ್ಲಿನ್ ಅವರ ಧ್ವನಿಯಲ್ಲಿ ರಚಿಸಿದ್ದು ಎಂದು ಹೇಳಿಕೊಂಡು, ಒಂದು ಗಂಟೆಯ ಕಾರ್ಯಕ್ರಮವನ್ನು ಒಂದು ಪಾಡ್‌ಕಾಸ್ಟಿನವರು ಪ್ರಕಟಿಸಿದರು. ಕಾರ್ಲಿನ್ ಅವರ ಮಗಳು ಕೆಲ್ಲಿ ಪ್ರತಿಭಟಿಸಿದರು, ಅವರ ಆಸ್ತಿಯ ವಾರಸುದಾರರು ದಾವೆ ಹೂಡಿದರು, ಏಪ್ರಿಲ್ ಹೊತ್ತಿಗೆ ರಾಜಿಯಾಗಿ ಕಾರ್ಯಕ್ರಮವನ್ನು ಅಳಿಸಲಾಯಿತು. ನಡುವೆ ಪಾಡ್‌ಕಾಸ್ಟಿನ ವಕ್ತಾರರು ಹೇಳಿದ ಪ್ರಕಾರ ಆ ಮಾತನ್ನು ಯಂತ್ರ ಬರೆದಿರಲಿಲ್ಲ, ಅವರಲ್ಲಿಯೇ ಒಬ್ಬರು ಬರೆದಿದ್ದರು. ಅಂದರೆ ಬರೆದದ್ದು ಮನುಷ್ಯ, ಹೆಸರು ಯಂತ್ರದ್ದು, ಧ್ವನಿ ಸತ್ತವರದು. ಪದಗಳ ಮೋಸವನ್ನು ಹಿಡಿಯುವುದರಲ್ಲಿಯೇ ಆಯುಷ್ಯ ಕಳೆದವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುತ್ತಿರಲಿಲ್ಲ.

ಅವರ ನಿಜವಾದ ಕೊನೆಯ ಕಾರ್ಯಕ್ರಮ ಪ್ರಸಾರವಾದದ್ದು 2008ರ ಮಾರ್ಚ್ 1ರಂದು, ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಿಂದ. ಕಪ್ಪು ಬಟ್ಟೆ ತೊಟ್ಟ, ಸಣ್ಣಗಾದ ಎಪ್ಪತ್ತರ ಮುದುಕರು ಸಾವಿನ ಬಗ್ಗೆ ಮಾತನಾಡುತ್ತಾರೆ. ವಯಸ್ಸಾಗುತ್ತ ಹೋದಂತೆ ವಿಳಾಸದ ಪುಸ್ತಕದಿಂದ ಸತ್ತ ಗೆಳೆಯರ ಹೆಸರನ್ನು ಹೊಡೆದುಹಾಕುವ ಕೆಲಸ ಹೆಚ್ಚುತ್ತದೆ ಎನ್ನುತ್ತಾರೆ. ಆದರೆ ಮಸಣದಿಂದ ಬಂದವರೇ ಪೆನ್ನು ಹಿಡಿಯುವುದು ಸಭ್ಯತೆಯಲ್ಲ, ಅದಕ್ಕೊಂದು ಕಾಲಾವಕಾಶ ಬೇಕು, ತಮ್ಮ ನಿಯಮದ ಪ್ರಕಾರ ಆರು ವಾರ ಎನ್ನುತ್ತಾರೆ. ಆರು ವಾರ ಕಳೆಯುವವರೆಗೆ ಹೆಸರು ಪುಸ್ತಕದಲ್ಲಿಯೇ ಇರಬೇಕು.

ಒಮ್ಮೆ ಸುಮ್ಮನೆ ಕುಳಿತು ನಾನು ಅವರ ಆರು ವಾರವನ್ನು ಕ್ಯಾಲೆಂಡರಿನಲ್ಲಿ ಎಣಿಸಿದೆ. ಜೂನ್ 22ರಿಂದ ನಲವತ್ತೆರಡು ದಿನ. ಬೆರಳು ಬಂದು ನಿಂತದ್ದು ಆಗಸ್ಟ್ 3ರ ಮೇಲೆ, ಲೆನಿ ಬ್ರೂಸ್ ತೀರಿಕೊಂಡ ದಿನದ ಮೇಲೆ.

ನಮಸ್ಕಾರ.